ಅಪ್ಪನಿಗೂ ಒಮ್ಮೆ ಹದಿನೆಂಟು: ‘ಟ್ವಿಂಕ್ಲಿಂಗ್ ವಾಟರ್‌ಮೆಲನ್’ ಕೊರಿಯನ್ ಸರಣಿಯ ವಿಮರ್ಶೆ

ಕೊರಿಯಾದ ದೂರದರ್ಶನ ಧಾರಾವಾಹಿಗಳಲ್ಲಿ ಕಾಲಯಾನ ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಕೈತಪ್ಪಿದ ಪ್ರೇಮವನ್ನು ಅರಸುವವರು, ಸಿಕ್ಕದೆ ಹೋದ ಕೊಲೆಗಾರನನ್ನು ಹಿಡಿಯಬೇಕೆನ್ನುವ ಪೊಲೀಸರು, ಮುರಿದುಬಿದ್ದ ದಾಂಪತ್ಯವನ್ನು ಮೊದಲಿನಿಂದ ಬಾಳಿ ನೋಡಬಯಸುವ ಗಂಡಹೆಂಡಿರು, ಹೀಗೆ ಬಗೆಬಗೆಯ ಜನ ಅಲ್ಲಿ ಹಿಂದಿನ ಕಾಲಕ್ಕೆ ಹೋಗಿ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಹೋದದ್ದು ತಮ್ಮದೇ ಬದುಕಿನ ತಪ್ಪೊಂದನ್ನು ತಿದ್ದಿಕೊಳ್ಳಲು. ಟಿವಿಎನ್ ವಾಹಿನಿಯಲ್ಲಿ 2023ರ ಸೆಪ್ಟೆಂಬರ್ 25ರಿಂದ ನವೆಂಬರ್ 14ರವರೆಗೆ ಸೋಮವಾರ ಮತ್ತು ಮಂಗಳವಾರಗಳಂದು ಪ್ರಸಾರವಾದ ‘ಟ್ವಿಂಕ್ಲಿಂಗ್ ವಾಟರ್‌ಮೆಲನ್’ ಈ ಜಾಡಿನಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಇದರಲ್ಲಿ ಹಿಂದಕ್ಕೆ ಹೋಗುವ ಹುಡುಗ ತಿದ್ದಲು ಹೊರಡುವುದು ತನ್ನ ತಂದೆಯ ಬದುಕನ್ನು. ಅದೂ ತಂದೆ ಕೇಳಿಕೊಳ್ಳದೆ, ತಂದೆಗೆ ತಿಳಿಯದೆ. ಹಾಗೆ ತಿದ್ದುವ ಹಕ್ಕು ಮಗನಿಗೆ ಇದೆಯೇ ಎಂಬ ಪ್ರಶ್ನೆಯನ್ನು 16 ಸಂಚಿಕೆಗಳ ಉದ್ದಕ್ಕೂ ಜೀವಂತವಾಗಿ ಇಟ್ಟುಕೊಂಡಿರುವುದರಿಂದಲೇ ಈ ಸರಣಿಯನ್ನು ಹದಿಹರೆಯದ ಪ್ರೇಮಕಥೆಗಳ ಸಾಲಿಗೆ ಸೇರಿಸಿ ಮರೆತುಬಿಡಲು ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಥೆಯ ನಾಯಕ ಹಾ ಉನ್‌ಗ್ಯೊಲ್ 2023ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿ. ತಂದೆ ಈಚಾನ್, ತಾಯಿ ಚೊಂಗಾ, ಅಣ್ಣ ಉನ್‌ಹೋ ಮೂವರಿಗೂ ಕಿವಿ ಕೇಳುವುದಿಲ್ಲ. ಮನೆಯಲ್ಲಿ ಕೇಳಬಲ್ಲವನು ಇವನೊಬ್ಬನೇ. ಹಗಲಿನಲ್ಲಿ ಅವನು ಶಿಕ್ಷಕರು ಬೆರಳು ಮಾಡಿ ತೋರಿಸಬಹುದಾದ ಮಾದರಿ ಹುಡುಗ, ರಾತ್ರಿಯಾದರೆ ಮನೆಯವರಿಗೆ ಗೊತ್ತಿಲ್ಲದಂತೆ ವೇದಿಕೆ ಹತ್ತುವ ಗಿಟಾರ್ ವಾದಕ. ಈ ಎರಡು ಮುಖಗಳ ಬದುಕನ್ನು ಸರಣಿ ಹುಡುಗಾಟವೆಂದು ತೋರಿಸುವುದಿಲ್ಲ. ಮನೆಯವರು ಯಾರೂ ಕೇಳಲಾರದ ಸಂಗೀತವನ್ನು ಪ್ರೀತಿಸುವುದೇ ಅವರಿಗೆ ಮಾಡುವ ದ್ರೋಹವೇನೋ ಎಂಬ ಅಳುಕು ಅವನಲ್ಲಿ ಚಿಕ್ಕಂದಿನಿಂದಲೂ ಬೇರೂರಿದೆ. ಬಾಲ್ಯದಲ್ಲಿ ಅವನಿಗೆ ಗಿಟಾರ್ ಕಲಿಸಿದವರು ವಾದ್ಯಗಳ ಅಂಗಡಿಯೊಂದರ ವೃದ್ಧ ಮಾಲೀಕರು. ಚೊನ್ ಹೊಜಿನ್ ನಿರ್ವಹಿಸಿರುವ ಆ ಪಾತ್ರ ತೆರೆಯ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲವಾದರೂ, ಮಗುವೊಂದು ತನ್ನ ಮಾತನ್ನು ಬೇರೆ ಯಾರಿಗೂ ಅನುವಾದಿಸಿ ಹೇಳಬೇಕಾಗಿಲ್ಲದ ಒಂದೇ ಒಂದು ಜಾಗ ಆ ಅಂಗಡಿ ಎಂಬುದನ್ನು ಅವರು ಬಹಳ ಮಿತವಾದ ಅಭಿನಯದಿಂದ ಮನಗಾಣಿಸುತ್ತಾರೆ.

ಕಿವುಡ ತಂದೆತಾಯಿಯರ ಮಕ್ಕಳನ್ನು ‘ಕೋಡಾ’ ಎಂದು ಕರೆಯುವ ರೂಢಿ ಜಗತ್ತಿನ ಹಲವು ದೇಶಗಳಲ್ಲಿ ಇದೆ. ಅಂಥ ಮಕ್ಕಳಲ್ಲಿ ಹೆಚ್ಚಿನವರು ಕೇಳುವ ಶಕ್ತಿಯೊಂದಿಗೇ ಹುಟ್ಟುತ್ತಾರೆ, ಸಂಜ್ಞಾಭಾಷೆ ಅವರ ಮನೆಮಾತಾಗಿರುತ್ತದೆ, ಮತ್ತು ಎಳೆಯ ವಯಸ್ಸಿನಲ್ಲೇ ಅವರು ತಂದೆತಾಯಿಯರ ಪರವಾಗಿ ಹೊರಗಿನ ಲೋಕದೊಂದಿಗೆ ಮಾತನಾಡುವವರಾಗುತ್ತಾರೆ. ಬ್ಯಾಂಕು, ಆಸ್ಪತ್ರೆ, ಮನೆಯ ಮಾಲೀಕ, ಶಾಲೆಯ ಶಿಕ್ಷಕರು, ಎಲ್ಲರ ಮುಂದೆಯೂ ದೊಡ್ಡವರ ಮಾತನ್ನು ಚಿಕ್ಕ ಬಾಯಿ ಹೇಳಬೇಕು. ದೊಡ್ಡವರಿಗೆ ಆಡಿದ ಕಟುನುಡಿಗಳನ್ನು ಮೊದಲು ಚಿಕ್ಕ ಕಿವಿ ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡದ್ದನ್ನು ಇದ್ದಂತೆ ದಾಟಿಸಬೇಕೋ, ಮೃದುಗೊಳಿಸಿ ದಾಟಿಸಬೇಕೋ, ನುಂಗಿಕೊಂಡು ಸುಮ್ಮನಿರಬೇಕೋ ಎಂಬ ತೀರ್ಮಾನವೂ ಆ ಮಗುವಿನದೇ. ಮೊದಲ ಎರಡು ಸಂಚಿಕೆಗಳು ಈ ಹೊಣೆಯ ಭಾರವನ್ನು ಚಿತ್ರಿಸಿರುವ ರೀತಿ ಇಡೀ ಸರಣಿಯ ಅಡಿಪಾಯವಾಗಿದೆ. ಪ್ರೀತಿ ತುಂಬಿದ ಮನೆಯಲ್ಲಿಯೂ ಮಗುವೊಂದು ದಣಿಯಬಲ್ಲದು, ಹಾಗೆ ದಣಿದದ್ದನ್ನು ಹೇಳಿಕೊಳ್ಳಲು ಅದಕ್ಕೆ ನಾಚಿಕೆಯಾಗಬಲ್ಲದು ಎಂಬ ಸತ್ಯವನ್ನು ಕುಟುಂಬದ ಕಥೆಗಳು ಸಾಮಾನ್ಯವಾಗಿ ಮುಟ್ಟಲು ಅಂಜುತ್ತವೆ. ಚಿತ್ರಕಥೆ ಬರೆದ ಜಿನ್ ಸುವಾನ್ ಅಂಜದೆ ಮುಟ್ಟಿದ್ದಾರೆ, ಮತ್ತು ಮುಟ್ಟುವಾಗ ತಂದೆತಾಯಿಯರನ್ನು ಅಪರಾಧಿಗಳನ್ನಾಗಿಯೂ ಮಾಡಿಲ್ಲ.

ಗಿಟಾರಿನ ಗುಟ್ಟು ಬಯಲಾಗಿ ತಂದೆ ಮಗನ ನಡುವೆ ಮಾತು ಮುರಿದಾಗ ಉನ್‌ಗ್ಯೊಲ್ ತನ್ನ ಗಿಟಾರನ್ನೇ ಮಾರಿಬಿಡಲು ‘ಲಾ ವಿದಾ ಮ್ಯೂಸಿಕ್’ ಎಂಬ ಅಂಗಡಿಯ ಒಳಗೆ ಹೋಗುತ್ತಾನೆ. ಹೊರಗೆ ಬಂದಾಗ ಅವನು ನಿಂತಿರುವುದು 1995ರ ಬೀದಿಯಲ್ಲಿ. ಅಲ್ಲಿ ಅವನಿಗೆ ಎದುರಾಗುವ ಹುಡುಗ ಬಾಯ್ತುಂಬ ಹರಟುವ, ಸುಳ್ಳುಪಳ್ಳು ಹೇಳುವ, ಬಿದ್ದರೂ ನಗುವ ಹಾ ಈಚಾನ್. ಅಂದರೆ ಹದಿನೆಂಟು ವಯಸ್ಸಿನ, ಕಿವಿ ಚೆನ್ನಾಗಿ ಕೇಳುತ್ತಿದ್ದ, ತನ್ನದೇ ತಂದೆ. ಈಚಾನ್ ಹುಟ್ಟಿನಿಂದ ಕಿವುಡರಲ್ಲ. ಹದಿಹರೆಯದಲ್ಲಿ ನಡೆದ ಅಪಘಾತವೊಂದು ಅವರ ಶ್ರವಣವನ್ನು ಕಿತ್ತುಕೊಂಡಿತ್ತು. ಆ ಅಪಘಾತ ಇನ್ನೂ ನಡೆದಿಲ್ಲ. ಜೊತೆಗೆ ಈ ಹುಡುಗನ ಕಣ್ಣು ಇರುವುದು ಮುಂದೆ ಉನ್‌ಗ್ಯೊಲ್‌ನ ತಾಯಿಯಾಗಲಿರುವ ಚೊಂಗಾ ಮೇಲಲ್ಲ, ಕಲಾಶಾಲೆಯಲ್ಲಿ ಸೆಲ್ಲೊ ನುಡಿಸುವ ಚೊಯ್ ಸೆಕ್ಯೊಂಗ್ ಎಂಬ ಚೆಲುವೆಯ ಮೇಲೆ. ಹೀಗಾಗಿ ಉನ್‌ಗ್ಯೊಲ್ ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತುಕೊಳ್ಳುತ್ತಾನೆ: ತಂದೆಯನ್ನು ಅಪಘಾತದಿಂದ ಕಾಯಬೇಕು, ಅದೇ ಹೊತ್ತಿಗೆ ತಂದೆಯ ಮನಸ್ಸನ್ನು ತಾಯಿಯ ಕಡೆಗೆ ತಿರುಗಿಸಬೇಕು.

ಈ ಹೆಣಿಗೆಯಲ್ಲಿ ಹಾಸ್ಯಕ್ಕೆ ಅವಕಾಶ ಧಾರಾಳವಾಗಿದೆ, ಮತ್ತು ಚೊಯ್ ಹ್ಯೊನುಕ್ ಅದನ್ನು ಪೂರ್ತಿಯಾಗಿ ಬಳಸಿಕೊಂಡಿದ್ದಾರೆ. ಅವರ ಈಚಾನ್ ಬಡವ, ಜಂಬದ ಮಾತಿನವ, ಅಜ್ಜಿಗೆ ಹೆದರುವವ, ಗೆಳೆಯರಿಗಾಗಿ ಮೈಮರೆಯುವವ. ಪಾತ್ರ ಕೇವಲ ಮುದ್ದಾಗಿ ಉಳಿಯುವ ಅಪಾಯವಿತ್ತು; ಆದರೆ ತನ್ನ ಬಡತನವನ್ನು ಯಾರಾದರೂ ಕನಿಕರದಿಂದ ನೋಡಿದ ಕ್ಷಣದಲ್ಲಿ ಅವನ ಮುಖದ ನಗು ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಈ ನಟ ಗಮನವಿಟ್ಟು ತೋರಿಸಿದ್ದಾರೆ. ಮಗನ ಪಾತ್ರದ ರ್ಯೊವುನ್ ಹುಟ್ಟಿದ್ದು 1998ರಲ್ಲಿ, ತಂದೆಯ ಪಾತ್ರದ ಚೊಯ್ ಹ್ಯೊನುಕ್ ಹುಟ್ಟಿದ್ದು 2002ರಲ್ಲಿ. ವಯಸ್ಸಿನ ಈ ತಲೆಕೆಳಗಾದ ಅಂತರ ಕಥೆಗೆ ನಿಜವಾಗಿ ನೆರವಾಗಿದೆ. ಇಪ್ಪತ್ತರ ನಡುವಿನ ನಟನ ಮುಖದಲ್ಲಿರುವ ತುಸು ಹೆಚ್ಚಿನ ಪ್ರೌಢತೆ, ಬಾಲ್ಯದಲ್ಲೇ ಮನೆಯ ಯಜಮಾನಿಕೆ ಹೊತ್ತ ಹುಡುಗನಿಗೆ ಒಪ್ಪುತ್ತದೆ. ಅವನ ಎದುರು ಕುಣಿದಾಡುವ ಈಚಾನ್ ಮಗನಿಗಿಂತ ಕಿರಿಯನಂತೆ ಕಾಣುತ್ತಾನೆ. ತನ್ನ ತಂದೆಗೆ ಬುದ್ಧಿ ಹೇಳಿ ಹೇಳಿ ಸೋತ ಉನ್‌ಗ್ಯೊಲ್, ಈ ಹುಡುಗ ಹೀಗೆಯೇ ಇದ್ದುಬಿಡಲಿ ಎಂದು ಒಳಗೊಳಗೇ ಬಯಸತೊಡಗುವ ದೃಶ್ಯಗಳಲ್ಲಿ ರ್ಯೊವುನ್ ಹೆಚ್ಚಿಗೆ ಏನನ್ನೂ ಮಾಡುವುದಿಲ್ಲ, ಬರಿದೇ ನೋಡುತ್ತಾರೆ. ಜೀವಮಾನವೆಲ್ಲ ಕೈಗಳಲ್ಲೇ ಮಾತನಾಡಿದ ಅಪ್ಪನ ದನಿ ಕಿವಿಗೆ ಬೀಳುತ್ತಿರುವ ಮಗನ ನೋಟ ಅದು; ಸರಣಿಯ ಅತ್ಯಂತ ಒಳ್ಳೆಯ ಅಭಿನಯ ಅಲ್ಲಿದೆ.

1995ರ ಕೊರಿಯಾವನ್ನು ಕಟ್ಟುವಲ್ಲಿ ನಿರ್ದೇಶಕರಾದ ಸೋನ್ ಜೊಂಗ್‌ಹ್ಯೊನ್ ಮತ್ತು ಯು ಬೊಮ್‌ಸಾಂಗ್ ಹಳೆಯ ವಸ್ತುಗಳ ಪ್ರದರ್ಶನಕ್ಕೆ ಇಳಿಯದಿರುವುದು ಮೆಚ್ಚಬೇಕಾದ ಸಂಗತಿ. ಆ ದಿನಗಳ ಕೊರಿಯಾದಲ್ಲಿ ಮೊಬೈಲ್ ಫೋನ್ ಇನ್ನೂ ಕೆಲವರ ಸೊತ್ತಾಗಿತ್ತು, ಹುಡುಗರು ಪೇಜರಿಗೆ ಬಂದ ಸಂದೇಶ ನೋಡಿ ಸಾರ್ವಜನಿಕ ದೂರವಾಣಿಯ ಕಡೆಗೆ ಓಡುತ್ತಿದ್ದರು, ಹಾಡುಗಳು ಕ್ಯಾಸೆಟ್ಟಿನಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದವು. ಸೋಲ್ ನಗರದ ಹೊಂಗ್‌ದೆ ಪ್ರದೇಶದ ಸಣ್ಣ ಕ್ಲಬ್ಬುಗಳಲ್ಲಿ ಯುವಕರ ಬ್ಯಾಂಡುಗಳು ತಲೆಯೆತ್ತುತ್ತಿದ್ದ ಹೊತ್ತು ಅದು. ಹಾಡುಗಳನ್ನು ಬಿಡುಗಡೆಗೆ ಮೊದಲೇ ಪರಿಶೀಲನೆಗೆ ಒಪ್ಪಿಸಬೇಕೆಂಬ ನಿಯಮ ಕೊನೆಗೊಂಡದ್ದು ಮರುವರ್ಷ, 1996ರಲ್ಲಿ. ಸಂಗೀತದ ಗಂಧವಿಲ್ಲದ ಈಚಾನ್ ಸೆಕ್ಯೊಂಗಳ ಮನಸ್ಸು ಗೆಲ್ಲಲು ಬ್ಯಾಂಡ್ ಕಟ್ಟಲು ಹೊರಡುವುದು ಆ ಕಾಲದಲ್ಲಿ ನಂಬಬಹುದಾದ ಮಾತು. ಇನ್ನೆರಡು ವರ್ಷಗಳಲ್ಲಿ, 1997ರ ಕೊನೆಗೆ, ಇಡೀ ದೇಶ ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವು ಕೇಳಬೇಕಾದ ಸ್ಥಿತಿಗೆ ಬಂದು, ಸಾವಿರಾರು ಮನೆಗಳ ದುಡಿಯುವ ಕೈಗಳು ಕೆಲಸ ಕಳೆದುಕೊಂಡವು. ಕೊರಿಯಾದ ವೀಕ್ಷಕರಿಗೆ 1995 ಆ ಬಿರುಗಾಳಿಯ ಹಿಂದಿನ ಬಿಸಿಲಿನ ದಿನವಾಗಿ ಕಾಣುವುದು ಸಹಜ. ಹಾಗಾಗಿಯೇ ಈಚಾನ್ ಮತ್ತು ಅವನ ಗೆಳೆಯರ ನಿಶ್ಚಿಂತೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನೋವು ಬೆರೆತಿದೆ.

ಇನ್ನು ಸರಣಿಯ ಹೃದಯವೆಂದು ನಾನು ತಿಳಿದಿರುವ ಭಾಗಕ್ಕೆ ಬರುತ್ತೇನೆ. ತಾಯಿಯಾಗಲಿರುವ ಯೂನ್ ಚೊಂಗಾ ಸಿರಿವಂತ ಉದ್ಯಮಿಯ ಮಗಳು, ಹುಟ್ಟಿನಿಂದ ಕಿವಿ ಕೇಳದವಳು, ಚಿತ್ರಕಲೆ ಕಲಿಯುವ ವಿದ್ಯಾರ್ಥಿನಿ. ಮಲತಾಯಿಯ ಕಾವಲಿನಲ್ಲಿ ಬೆಳೆದ ಅವಳಿಗೆ ಸಂಜ್ಞಾಭಾಷೆಯನ್ನು ಕಲಿಯಲು ಬಿಟ್ಟಿಲ್ಲ. ಮಾತೂ ಇಲ್ಲ, ಸನ್ನೆಯೂ ಇಲ್ಲ. ತುಟಿಗಳನ್ನು ನೋಡಿ ಊಹಿಸುತ್ತ, ಊಹೆ ತಪ್ಪಿದಾಗ ಮಂಕಳೆಂದು ಅನ್ನಿಸಿಕೊಳ್ಳುತ್ತ ಅವಳು ಬದುಕುತ್ತಿದ್ದಾಳೆ. ಉನ್‌ಗ್ಯೊಲ್ ಅವಳಿಗೆ ಸಂಜ್ಞಾಭಾಷೆ ಕಲಿಸಲು ತೊಡಗುತ್ತಾನೆ. ಆ ಭಾಷೆಯನ್ನು ಅವನು ಕಲಿತದ್ದು ಯಾರಿಂದ? ತೊಟ್ಟಿಲ ದಿನಗಳಿಂದ ಇದೇ ತಾಯಿಯ ಕೈಗಳಿಂದ. ತಾಯಿ ಮಗನಿಗೆ ಕೊಟ್ಟ ನುಡಿಯನ್ನು ಮಗ ತಾಯಿಗೆ ಮರಳಿ ಕೊಡುವ ಈ ಸುತ್ತಿಗೆ ಮೊದಲು ಯಾವುದು, ನಂತರ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಕಾಲಯಾನದ ಕಥೆಗಳಲ್ಲಿ ಸಾಮಾನ್ಯವಾಗಿ ಗೊಂದಲವೆನಿಸುವ ಇಂಥ ಸುತ್ತು ಇಲ್ಲಿ ಕಥೆಯ ಅತ್ಯಂತ ಆರ್ದ್ರವಾದ ಕಲ್ಪನೆಯಾಗಿ ಮಾರ್ಪಟ್ಟಿದೆ. ಹಾಗೆ ಕಲಿತ ಹುಡುಗಿಯ ಕೈಗಳು ಮೊದಲು ಅನುಮಾನಿಸುತ್ತ, ಆಮೇಲೆ ಆತುರದಿಂದ, ಆಮೇಲೆ ಜಗಳವಾಡುವಷ್ಟು ಧೈರ್ಯದಿಂದ ಮಾತನಾಡಲು ತೊಡಗುವುದನ್ನು ಚೊಂಗಾ ಪಾತ್ರದ ಶಿನ್ ಉನ್‌ಸು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿದ್ದಾರೆ. ಅವರು ಅಳುವ ದೃಶ್ಯಗಳಿಗಿಂತ ಸಿಟ್ಟಾಗುವ ದೃಶ್ಯಗಳು ನನಗೆ ಹೆಚ್ಚು ಇಷ್ಟವಾದವು, ಏಕೆಂದರೆ ಸಿಟ್ಟನ್ನು ತೋರಿಸಲು ಭಾಷೆ ಬೇಕು, ಮತ್ತು ಆ ಭಾಷೆ ಅವಳ ಕೈಗೆ ಬಂದಿದೆ ಎಂಬುದು ಅಲ್ಲಿ ನಮಗೆ ಖಚಿತವಾಗುತ್ತದೆ.

ಈ ಭಾಗದ ಹಿಂದೆ ಒಂದು ನಿಜವಾದ ಇತಿಹಾಸವಿದೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಬಾಯಿಮಾತಿನ ಕಲಿಕೆಯೇ ಶ್ರೇಷ್ಠ ಎಂದು ನಿರ್ಣಯಿಸಿದ ಮೇಲೆ ಅನೇಕ ದೇಶಗಳ ಶಾಲೆಗಳಲ್ಲಿ ಸಂಜ್ಞಾಭಾಷೆಯನ್ನು ದೀರ್ಘಕಾಲ ಹೊರಗಿಡಲಾಯಿತು. ಆ ನಿರ್ಣಯದ ಬಗ್ಗೆ ಅದೇ ಪರಂಪರೆಯ ಸಮ್ಮೇಳನ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ವ್ಯಾಂಕೂವರ್ ನಗರದಲ್ಲಿ. ದಕ್ಷಿಣ ಕೊರಿಯಾದಲ್ಲಿ ಕೊರಿಯನ್ ಸಂಜ್ಞಾಭಾಷೆಗೆ ಕೊರಿಯನ್ ಭಾಷೆಗೆ ಸಮನಾದ ಸ್ಥಾನ ನೀಡಿದ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2015ರ ಡಿಸೆಂಬರ್ ಕೊನೆಯಲ್ಲಿ, ಅದು ಜಾರಿಗೆ ಬಂದದ್ದು 2016ರ ಆಗಸ್ಟ್‌ನಲ್ಲಿ. ಅಂದರೆ 1995ರ ಚೊಂಗಾ ಕಲಿಯುತ್ತಿರುವ ಭಾಷೆಗೆ ಅಂಥ ಮಾನ್ಯತೆ ಸಿಗಲು ಇನ್ನೂ ಎರಡು ದಶಕ ಬಾಕಿಯಿದೆ. ಸಂಜ್ಞಾಭಾಷೆ ಎಂದರೆ ಬಾಯಿಮಾತಿನ ಕೊರಿಯನ್ನಿನ ಕೈರೂಪವಲ್ಲ, ತನ್ನದೇ ವ್ಯಾಕರಣವುಳ್ಳ ಪ್ರತ್ಯೇಕ ಭಾಷೆ ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಅವಳಿಂದ ಕಿತ್ತುಕೊಂಡದ್ದು ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ.

ಇಲ್ಲಿಯೇ ನನ್ನ ಮೊದಲ ಗಂಭೀರ ಆಕ್ಷೇಪವೂ ಇದೆ. ಶಾಲೆಗಳು, ವೈದ್ಯರು, ಸದುದ್ದೇಶದ ತಂದೆತಾಯಿಯರು ಸೇರಿ ದಶಕಗಳ ಕಾಲ ನಡೆಸಿಕೊಂಡು ಬಂದ ಈ ನಿರಾಕರಣೆಯನ್ನು ಸರಣಿ ಒಬ್ಬಳೇ ದುಷ್ಟ ಮಲತಾಯಿಯ ತಲೆಗೆ ಕಟ್ಟಿದೆ. ಆ ಪಾತ್ರದಲ್ಲಿ ಕಿಮ್ ಜುರ್ಯೊಂಗ್ ಚೆನ್ನಾಗಿಯೇ ಅಭಿನಯಿಸಿದ್ದಾರೆ, ಆದರೆ ಪಾತ್ರ ಆಸ್ತಿಯ ಆಸೆಗೆ ಹೆಣ್ಣುಮಗುವನ್ನು ಹಿಂಸಿಸುವ ಹಳೆಯ ಅಚ್ಚಿನದು. ಪ್ರೀತಿಯಿಂದಲೇ, ಮಗಳ ಒಳಿತೆಂದು ನಂಬಿಯೇ ಸಂಜ್ಞಾಭಾಷೆಯನ್ನು ತಡೆದ ತಾಯಿಯೊಬ್ಬಳನ್ನು ಇಲ್ಲಿ ಇಟ್ಟಿದ್ದರೆ ಕಥೆ ಇನ್ನೂ ಆಳಕ್ಕೆ ಇಳಿಯುತ್ತಿತ್ತು. ತಂದೆಯ ಬದುಕನ್ನು ಪ್ರೀತಿಯಿಂದಲೇ ತಿದ್ದಲು ಹೊರಟ ಉನ್‌ಗ್ಯೊಲ್‌ಗೂ ಅವಳಿಗೂ ಇರುವ ಹೋಲಿಕೆ ಆಗ ನಮ್ಮನ್ನು ಬೆಚ್ಚಿಬೀಳಿಸುತ್ತಿತ್ತು. ಇರುವ ರೂಪದಲ್ಲಿ, ಶ್ರೀಮಂತರ ಮನೆಯ ಪಿತೂರಿಯ ದೃಶ್ಯಗಳು ಬಂದಾಗಲೆಲ್ಲ ಬೇರೊಂದು ಧಾರಾವಾಹಿ ನಡುವೆ ನುಗ್ಗಿದಂತೆ ಅನಿಸುತ್ತದೆ, ಮತ್ತು ಹತ್ತನೇ ಸಂಚಿಕೆಯ ನಂತರ ಅವುಗಳ ಪ್ರಮಾಣ ಹೆಚ್ಚುತ್ತ ಹೋಗುತ್ತದೆ.

ಮುಂದಿನ ಮೂರು ಪ್ಯಾರಾಗಳಲ್ಲಿ ಕಥೆಯ ತಿರುವುಗಳನ್ನು ಪ್ರಸ್ತಾಪಿಸಬೇಕಾಗಿದೆ. ಮುಂಚಿತವಾಗಿ ತಿಳಿಯಬಯಸದವರು ಅವನ್ನು ದಾಟಿ, ಅಜ್ಜಿಯ ಪಾತ್ರದ ಮಾತು ಬರುವಲ್ಲಿಂದ ಓದನ್ನು ಮುಂದುವರಿಸಬಹುದು.

ಈಚಾನ್ ಮೆಚ್ಚಿದ ಸೆಕ್ಯೊಂಗ್ ನಿಜವಾದ ಸೆಕ್ಯೊಂಗ್ ಅಲ್ಲ. ಅವಳು ಸೆಕ್ಯೊಂಗಳ ಮಗಳು ಉನ್‌ಯು, ಉನ್‌ಗ್ಯೊಲ್‌ನಂತೆಯೇ ಭವಿಷ್ಯದಿಂದ ಬಂದು ತಾಯಿಯ ಹೆಸರಿನಲ್ಲಿ ಬದುಕುತ್ತಿರುವವಳು. ಎರಡೂ ಪಾತ್ರಗಳನ್ನು ಸೊಲ್ ಇನಾ ನಿರ್ವಹಿಸಿದ್ದಾರೆ. ಸಂಶಯದ ಎಳೆಗಳನ್ನು ಚಿತ್ರಕಥೆ ಮೊದಲಿನಿಂದಲೇ ಎಚ್ಚರಿಕೆಯಿಂದ ಬಿಟ್ಟಿರುವುದರಿಂದ ಗುಟ್ಟು ಒಡೆದಾಗ ಮೋಸಹೋದಂತೆ ಅನಿಸದೆ, ಹಿಂದಿನ ದೃಶ್ಯಗಳನ್ನು ಮತ್ತೊಮ್ಮೆ ನೋಡಬೇಕೆನ್ನಿಸುತ್ತದೆ. ಉನ್‌ಗ್ಯೊಲ್ ಮತ್ತು ಉನ್‌ಯು ನಡುವೆ ಚಿಗುರುವ ಪ್ರೇಮ ಇಲ್ಲಿಯ ಎಳೆಯ ಪ್ರೇಮಗಳಲ್ಲಿ ಎರಡನೆಯದು, ಮತ್ತು ಮೊದಲನೆಯದರಷ್ಟು ಗಟ್ಟಿಯಾಗಿಲ್ಲ. ಇಬ್ಬರೂ ತಂದೆತಾಯಿಯರ ಬದುಕಿನ ಒಳಗೆ ಅತಿಥಿಗಳಾಗಿ ಬಂದವರು, ಇಬ್ಬರೂ ತಮ್ಮ ಕಾಲದ ಬಗ್ಗೆ ಬೇರೆ ಯಾರೊಂದಿಗೂ ಮಾತನಾಡಲಾರದವರು ಎಂಬ ಒಂಟಿತನವೇ ಅವರನ್ನು ಹತ್ತಿರ ತರುತ್ತದೆ. ಆ ದೃಶ್ಯಗಳು ಮಧುರವಾಗಿವೆ. ಆದರೆ ಉನ್‌ಯುಗೆ ತಾಯಿಯೊಂದಿಗಿರುವ ಬಿರುಕು ಉನ್‌ಗ್ಯೊಲ್‌ನ ಕುಟುಂಬದ ಕಥೆಯಷ್ಟೇ ಹರವನ್ನು ಬೇಡುತ್ತಿತ್ತು. ಅದಕ್ಕೆ ಸಿಕ್ಕಿರುವುದು ತುಣುಕುಗಳಷ್ಟೇ ಆದ್ದರಿಂದ, ತಾಯಿ ಮಗಳ ಸಂಧಾನ ಬರುವ ಹೊತ್ತಿಗೆ ನಾವು ಅದಕ್ಕಾಗಿ ಹಂಬಲಿಸಿರುವುದೇ ಇಲ್ಲ.

ಅಪಘಾತದ ವಿಷಯದಲ್ಲಿ ಸರಣಿ ತೆಗೆದುಕೊಂಡ ನಿರ್ಧಾರ ಅದರ ಅತಿ ದೊಡ್ಡ ಬಲ. ಮಗನ ಎಲ್ಲ ಎಚ್ಚರಿಕೆಗಳನ್ನೂ ಮೀರಿ ಅಪಘಾತ ನಡೆಯುತ್ತದೆ, ಈಚಾನ್ ಶ್ರವಣ ಕಳೆದುಕೊಳ್ಳುತ್ತಾನೆ. ಇದು ವಿಧಿಯ ಮುಂದೆ ಮನುಷ್ಯನ ಸೋಲಿನ ಕಥೆಯಾಗಬಹುದಿತ್ತು, ಹಾಗಾಗಿಲ್ಲ. ತಂದೆಯ ಕಿವುಡುತನವನ್ನು ತಡೆಯುವುದೇ ತನ್ನ ಕರ್ತವ್ಯ ಎಂದು ಉನ್‌ಗ್ಯೊಲ್ ಭಾವಿಸಿದ್ದರ ಅಡಿಯಲ್ಲಿ, ಕಿವಿ ಕೇಳದ ತಂದೆಯ ಬದುಕು ಅರೆಬರೆಯಾದ ಬದುಕು ಎಂಬ ನಂಬಿಕೆ ಅಡಗಿತ್ತು. ಆ ನಂಬಿಕೆಯನ್ನು ಅವನು ಯಾರಿಂದಲೋ ಎರವಲು ತಂದದ್ದಲ್ಲ. ಮನೆಯ ಹೊರಗಿನ ಜನ ಅವನ ತಂದೆತಾಯಿಯರನ್ನು ನೋಡುತ್ತಿದ್ದ ಬಗೆಯನ್ನು ದಿನವೂ ಅನುವಾದಿಸುತ್ತ ಅನುವಾದಿಸುತ್ತ ಅದು ಅವನದೇ ಆಗಿಹೋಗಿತ್ತು. ಹದಿನೆಂಟರ ಈಚಾನ್ ನೋವು, ರೋಷ, ಭಯಗಳನ್ನೆಲ್ಲ ಹಾದು ತನ್ನ ಮುಂದಿನ ದಾರಿಯನ್ನು ತಾನೇ ಆರಿಸಿಕೊಳ್ಳುವುದನ್ನು ಕಣ್ಣಾರೆ ಕಂಡ ಮೇಲೆ, ತಾನು ಇಷ್ಟು ವರ್ಷ ಕಾಪಾಡುತ್ತಿದ್ದೇನೆ ಎಂದುಕೊಂಡ ವ್ಯಕ್ತಿಗೆ ಕಾಪಾಡುವವರು ಬೇಕಾಗಿರಲಿಲ್ಲ ಎಂಬುದು ಮಗನಿಗೆ ಅರಿವಾಗುತ್ತದೆ. ಇಷ್ಟನ್ನು ಭಾಷಣವಿಲ್ಲದೆ ಹೇಳಿರುವ ಸಂಚಿಕೆಗಾಗಿ ಈ ಸರಣಿಯ ಉಳಿದ ಕೊರತೆಗಳನ್ನು ಬಹುಮಟ್ಟಿಗೆ ಕ್ಷಮಿಸಬಹುದು.

ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ. ಉನ್‌ಗ್ಯೊಲ್ ಮರಳಿ ಬಂದ 2023ರಲ್ಲಿ ತಂದೆ ಕಿವುಡರಾಗಿಯೇ ಇದ್ದಾರೆ, ಆದರೆ ಕುಟುಂಬ ಈಗ ಸಿರಿವಂತ ಕುಟುಂಬ, ಮನೆ ದೊಡ್ಡ ಬಂಗಲೆ. ಹಿಂದಿನ ಸಾಧಾರಣ ಮನೆಯಲ್ಲಿ ಆ ನಾಲ್ವರು ಕಟ್ಟಿಕೊಂಡಿದ್ದ ಬದುಕು ಗೌರವಯುತವಾದದ್ದು, ಅದರಲ್ಲಿ ಸರಿಪಡಿಸಬೇಕಾದದ್ದು ಹೊರಗಿನವರ ನಡವಳಿಕೆಯೇ ಹೊರತು ಅವರ ಬಾಳಲ್ಲ ಎಂದು ಹದಿನೈದು ಸಂಚಿಕೆಗಳಲ್ಲಿ ಮನಮುಟ್ಟುವಂತೆ ಹೇಳಿದ ಲೇಖಕಿ, ಕೊನೆಯಲ್ಲಿ ಐಶ್ವರ್ಯವನ್ನು ಬಹುಮಾನದಂತೆ ತಂದುಕೊಡುವ ಅಗತ್ಯವೇನಿತ್ತು? ಚೊಂಗಾಗೆ ಅನ್ಯಾಯವಾಗಿ ಕೈತಪ್ಪಿದ್ದು ಮರಳಿ ಸಿಗಬೇಕು ಎಂಬ ನ್ಯಾಯದ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಬೆಳೆಯುವ ವರ್ಷಗಳಲ್ಲಿ ಉನ್‌ಗ್ಯೊಲ್ ಜೊತೆಗಿದ್ದ ತಂದೆತಾಯಿಯರು, ಅಂದರೆ ದುಡಿದು ದಣಿದು ನಕ್ಕು ಮಕ್ಕಳನ್ನು ಬೆಳೆಸಿದ ಆ ಇಬ್ಬರು, ಹೀಗೆ ಮಾಡಿದಾಗ ಕಥೆಯಿಂದಲೇ ಅಳಿಸಿಹೋಗುತ್ತಾರೆ. ಅವನ ನೆನಪಿನಲ್ಲಿ ಮಾತ್ರ ಉಳಿದ ಆ ಬಾಲ್ಯವನ್ನು ಅವನು ಈಗ ಯಾರೊಂದಿಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಕೊನೆಯ ಸಂಚಿಕೆ ಎತ್ತಿಕೊಳ್ಳುವುದಿಲ್ಲ. ಇಷ್ಟು ಸೂಕ್ಷ್ಮವಾದ ಸರಣಿಯಲ್ಲಿ ಅದು ನಿಜವಾದ ಲೋಪ.

ಹಿರಿಯರ ಪಾತ್ರಗಳಲ್ಲಿ ಗೋ ದುಶಿಮ್ ಅವರ ಅಜ್ಜಿಯನ್ನು ಮೊದಲು ನೆನೆಯಬೇಕು. ವಿದ್ಯಾರ್ಥಿಗಳಿಗೆ ಊಟ ವಸತಿ ನೀಡುವ ಮನೆ ನಡೆಸುತ್ತ ಮೊಮ್ಮಗನನ್ನು ಸಾಕುತ್ತಿರುವ ಈ ಅಜ್ಜಿ, ಎಲ್ಲಿಂದಲೋ ಬಂದು ಬಾಗಿಲಲ್ಲಿ ನಿಂತ ಉನ್‌ಗ್ಯೊಲ್‌ಗೂ ಅನ್ನ ಹಾಕುತ್ತಾಳೆ. ತಾನು ಬಡಿಸುತ್ತಿರುವುದು ಮರಿಮಗನಿಗೆ ಎಂದು ಅವಳಿಗೆ ತಿಳಿಯದು, ತನ್ನ ಮುತ್ತಜ್ಜಿಯ ಕೈತುತ್ತು ಎಂದು ಅವನಿಗೆ ತಿಳಿದಿದೆ. ಈ ಅಂತರವನ್ನು ದೃಶ್ಯಗಳು ಎಳೆದು ಹಿಂಡುವುದಿಲ್ಲ. ವರ್ತಮಾನದ ತಂದೆತಾಯಿಯರಾಗಿ ಚೊಯ್ ವೊನ್‌ಯೊಂಗ್ ಮತ್ತು ಸೊ ಯೊಂಗ್‌ಹಿ ಕಡಿಮೆ ಅವಧಿಯಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ. ಈಚಾನ್ ಎಂಬ ಹುಡುಗನ ತುಂಟತನದ ಒಂದು ಎಳೆ ಚೊಯ್ ವೊನ್‌ಯೊಂಗ್ ಅವರ ಕಣ್ಣುಗಳಲ್ಲಿ ಮೊದಲ ಸಂಚಿಕೆಯಲ್ಲಿಯೇ ಇತ್ತು ಎಂಬುದು ಸರಣಿ ಮುಗಿದ ಮೇಲೆ ಹಿಂತಿರುಗಿ ನೋಡಿದರೆ ಕಾಣುತ್ತದೆ. ಕಿವಿ ಕೇಳದ ಮುಖ್ಯ ಪಾತ್ರಗಳನ್ನೆಲ್ಲ ಕೇಳಬಲ್ಲ ನಟರೇ ನಿರ್ವಹಿಸಿರುವುದನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಅವರ ಶ್ರಮದ ಬಗ್ಗೆ ಆಕ್ಷೇಪವಿಲ್ಲ. ಆದರೆ ಸಂಜ್ಞಾಭಾಷೆಯನ್ನು ಇಷ್ಟು ಗೌರವದಿಂದ ಕಂಡಿರುವ ಸರಣಿ, ಆ ಭಾಷೆಯನ್ನು ಹುಟ್ಟಿನಿಂದ ಆಡುವ ಕಲಾವಿದರಿಗೆ ಒಂದಾದರೂ ಪ್ರಮುಖ ಪಾತ್ರ ಕೊಡಬಹುದಾಗಿತ್ತು. ಅಣ್ಣ ಉನ್‌ಹೋ ಪಾತ್ರ ಅದಕ್ಕೆ ತಕ್ಕದಾಗಿತ್ತು. ಬೊಂಗ್ ಜೆಹ್ಯೊನ್ ಅಭಿನಯಿಸಿರುವ ಆ ಪಾತ್ರವನ್ನು ಕಾಲಯಾನ ಆರಂಭವಾದ ಮೇಲೆ ಕಥೆ ಬಹುತೇಕ ಮರೆತೇಬಿಡುತ್ತದೆ. ತಮ್ಮನ ಪಾಲಿಗೆ ಬಂದ ಹೊಣೆಯನ್ನು ಅಣ್ಣನಾಗಿ ಅವನು ಹೇಗೆ ನೋಡಿದ ಎಂಬುದು ನಮಗೆ ತಿಳಿಯುವುದೇ ಇಲ್ಲ.

ಬ್ಯಾಂಡಿನ ದೃಶ್ಯಗಳು ಉಲ್ಲಾಸಕರವಾಗಿವೆ. ‘ವಾಟರ್‌ಮೆಲನ್ ಶುಗರ್’ ಎಂಬ ಆ ಬ್ಯಾಂಡಿನ ಹುಡುಗರು ಒಬ್ಬೊಬ್ಬರಾಗಿ ಸೇರುವ ಸಂಚಿಕೆಗಳಲ್ಲಿ ಕಥೆ ಸ್ವಲ್ಪ ನಿಧಾನಿಸುತ್ತದೆಯಾದರೂ, ಆ ನಿಧಾನ ಅಗತ್ಯವಾದದ್ದು: ಈಚಾನ್ ಮುಂದೆ ಏನನ್ನು ಕಳೆದುಕೊಳ್ಳಲಿದ್ದಾನೆ ಎಂಬುದರ ತೂಕ ನಮಗೆ ತಿಳಿಯಬೇಕಾದರೆ ಅವನು ಹಾಡುವುದನ್ನು, ಅಪಸ್ವರ ಹಿಡಿಯುವುದನ್ನು, ಗೆಳೆಯರೊಂದಿಗೆ ಲಯ ಕೂಡಿಸಲು ಒದ್ದಾಡುವುದನ್ನು ನಾವು ನೋಡಿರಬೇಕು. ಕಾಲಯಾನದ ನಿಯಮಗಳ ಬಗ್ಗೆ ಹೆಚ್ಚು ಯೋಚಿಸುವ ವೀಕ್ಷಕರಿಗೆ ಮಾತ್ರ ಇಲ್ಲಿ ತೃಪ್ತಿ ಸಿಗಲಾರದು. ಅಂಗಡಿ ಏಕೆ ಅಲ್ಲಿದೆ, ಯಾರನ್ನು ಆರಿಸುತ್ತದೆ, ಏನು ಬದಲಾದರೆ ಏನು ಅಳಿಯುತ್ತದೆ ಎಂಬುದಕ್ಕೆ ಸ್ಪಷ್ಟವಾದ ಕಟ್ಟಳೆಗಳಿಲ್ಲ. ಕಥೆಗೆ ಬೇಕಾದಾಗ ಬಾಗಿಲು ತೆರೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ. ನನಗೆ ಇದು ತೊಡಕೆನಿಸಲಿಲ್ಲ.

ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಸರಣಿ ಇದು, ವಿಶೇಷವಾಗಿ ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ. ಆದರೂ ಚೊಂಗಾ ಮೇಲಿನ ದೌರ್ಜನ್ಯದ ಕೆಲವು ದೃಶ್ಯಗಳು ಕಠಿಣವಾಗಿವೆ. ಚಿಕ್ಕ ಮಕ್ಕಳೊಂದಿಗೆ ನೋಡುವವರು ಇದನ್ನು ಗಮನದಲ್ಲಿಡಬೇಕು. ಮೊದಲ ಎರಡು ಸಂಚಿಕೆಗಳನ್ನು ಒಟ್ಟಿಗೆ ನೋಡುವುದು ಒಳ್ಳೆಯದು, ಏಕೆಂದರೆ ಮೊದಲನೆಯದು ಬಹುಮಟ್ಟಿಗೆ ಬಾಲ್ಯ ಮತ್ತು ಮನೆಯ ಕಥೆಗೆ ಮೀಸಲಾಗಿದ್ದು, 1995ರ ಲೋಕ ನಿಜವಾಗಿ ತೆರೆದುಕೊಳ್ಳುವುದು ಅದರ ನಂತರ. ಬೇರೆ ಭಾಷೆಯ ದನಿ ಜೋಡಿಸಿದ ಆವೃತ್ತಿ ಸಿಕ್ಕಿದರೂ ಕೊರಿಯನ್ ದನಿಯಲ್ಲಿ, ಉಪಶೀರ್ಷಿಕೆಗಳೊಂದಿಗೇ ನೋಡಬೇಕೆಂದು ಒತ್ತಿ ಹೇಳುತ್ತೇನೆ. ಚೊಯ್ ಹ್ಯೊನುಕ್ ಅವರ ದನಿಯೇ ಈ ಕಥೆಯಲ್ಲಿ ಒಂದು ಪಾತ್ರ. ಅಡುಗೆ ಮಾಡುತ್ತಲೋ ಫೋನು ನೋಡುತ್ತಲೋ ಕಿವಿಗೆ ಬಿದ್ದಷ್ಟು ಸಾಕೆಂದು ಇದನ್ನು ಹಿಂಬಾಲಿಸಲು ಬರುವುದಿಲ್ಲ. ತಾಯಿ ಮಗ, ಗಂಡ ಹೆಂಡತಿ, ಅಣ್ಣ ತಮ್ಮ ಆಡುವ ಮುಖ್ಯವಾದ ಮಾತುಗಳಲ್ಲಿ ಬಹುಪಾಲು ಕೈಗಳಲ್ಲಿ ನಡೆಯುತ್ತವೆ, ಆ ಹೊತ್ತಿನಲ್ಲಿ ಕಣ್ಣು ತೆರೆಯ ಮೇಲೆಯೇ ಇರಬೇಕು.